ಸೋಗಾನೆ ಸುತ್ತಲಿನ ನಿವೇಶನ ಬೆಲೆ ಕುರಿತ ಪ್ರಬಂಧ: ಯಾವ ಜರ್ನಲ್‌ಗೆ, ಯಾವ ರೂಪದಲ್ಲಿ ಕಳುಹಿಸಬೇಕು?

ಪ್ರಶ್ನೆ: ಉಪನ್ಯಾಸಕಿ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತ, ಅರೆಕಾಲಿಕವಾಗಿ ಪಿಎಚ್.ಡಿ. ಮಾಡುತ್ತಿದ್ದೇನೆ. ನಗರದ ಹತ್ತಿರದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಸುತ್ತಲಿನ ಊರುಗಳಲ್ಲಿ ನಿವೇಶನಗಳ ಬೆಲೆ ಎಷ್ಟು ಏರಿತು, ಆ ಏರಿಕೆಯಲ್ಲಿ ನಿಲ್ದಾಣದ ಪಾಲೆಷ್ಟು ಎಂಬುದು ನನ್ನ ಪ್ರಬಂಧದ ವಿಷಯ. ಎರಡು ಬೇಸಿಗೆ ರಜೆಗಳನ್ನು ಇದಕ್ಕೇ ಮೀಸಲಿಟ್ಟು, 2018ರಿಂದ 2024ರವರೆಗೆ ನೋಂದಣಿಯಾದ ಕ್ರಯಪತ್ರಗಳ ವಿವರಗಳನ್ನು, ಕೆಲವನ್ನು ಋಣಭಾರ ಪ್ರಮಾಣಪತ್ರ ತೆಗೆಸಿ, ಕೆಲವನ್ನು ಕೊಂಡವರ ಮನೆಗೇ ಹೋಗಿ ಪತ್ರದ ನಕಲು ನೋಡಿ, ಒಂದೊಂದಾಗಿ ಕೂಡಿಹಾಕಿದ್ದೇನೆ. ನಿವೇಶನದ ಅಳತೆ, ಎದುರಿನ ರಸ್ತೆಯ ಅಗಲ, ಮೂಲೆ ನಿವೇಶನ ಹೌದೋ ಅಲ್ಲವೋ, ನಗರದ ಬಸ್ ನಿಲ್ದಾಣಕ್ಕೂ ವಿಮಾನ ನಿಲ್ದಾಣಕ್ಕೂ ಇರುವ ದೂರ, ಇವೆಲ್ಲವನ್ನೂ ಸೇರಿಸಿ, ಒಂದೊಂದು ಗುಣಕ್ಕೂ ಬೆಲೆಯಲ್ಲಿ ಎಷ್ಟು ಪಾಲೆಂದು ಬಿಡಿಸಿ ನೋಡುವ ಹೆಡೋನಿಕ್ ಮಾದರಿಯಲ್ಲಿ ಲೆಕ್ಕ ಹಾಕಿದ್ದೇನೆ. ನಿಲ್ದಾಣಕ್ಕೆ ಹತ್ತಿರದ ನಿವೇಶನಗಳ ಬೆಲೆ 2023ರ ನಂತರ ಮೇಲೆ ಹೋಗಿರುವುದು ಸ್ಪಷ್ಟವಾಗಿ ಕಾಣುತ್ತದೆ.

ಇದನ್ನು ಕಳೆದ ವರ್ಷ ರಿಯಲ್ ಎಸ್ಟೇಟ್ ಅರ್ಥಶಾಸ್ತ್ರದ ಹೊರದೇಶದ ಜರ್ನಲ್ ಒಂದಕ್ಕೆ ಸಲ್ಲಿಸಿದೆ. ಶುಲ್ಕವನ್ನು ಡಾಲರಿನಲ್ಲಿ ಕಟ್ಟಬೇಕಾಗಿದ್ದರಿಂದ ನಮ್ಮ ಮನೆಯವರ ಕಾರ್ಡನ್ನು ಬಳಸಿದೆ. ಒಂಬತ್ತನೆಯ ದಿನ ಉತ್ತರ ಬಂತು. ಪರಿಶೀಲಕರಿಗೆ ಕಳುಹಿಸುವ ಮೊದಲೇ, ಸಂಪಾದಕರ ಮೇಜಿನಿಂದಲೇ ಪ್ರಬಂಧ ಹಿಂದಿರುಗಿತ್ತು. ವಿಷಯ ಸ್ಥಳೀಯ ಆಸಕ್ತಿಗೆ ಸೀಮಿತವಾಗಿದೆ, ಬೆಲೆಯ ಅಳತೆಯ ಬಗ್ಗೆ ಸಂದೇಹವಿದೆ ಎಂಬ ಎರಡೇ ವಾಕ್ಯ ಅದರಲ್ಲಿದ್ದವು. ಎರಡು ಬೇಸಿಗೆಯ ಕೆಲಸಕ್ಕೆ ಎರಡು ವಾಕ್ಯದ ಉತ್ತರ ಬಂದದ್ದಕ್ಕೆ ಬೇಸರವಾಯಿತೆಂದು ಒಪ್ಪಿಕೊಳ್ಳುತ್ತೇನೆ.

ಈಗ ಇದನ್ನು ಎಲ್ಲಿಗೆ ಕಳುಹಿಸುವುದು ಉಚಿತ? ಇಂತಹ ಜರ್ನಲ್‌ಗಳು ಶಿವಮೊಗ್ಗದಂತಹ ಊರಿನ ಬಗ್ಗೆ ಬರೆದದ್ದನ್ನು ನಿಜಕ್ಕೂ ಪ್ರಕಟಿಸುತ್ತವೆಯೇ? ಸ್ವೀಕಾರಕ್ಕೆ ಮೊದಲೇ ಶುಲ್ಕ ಕೇಳುವುದು ಸರಿಯಾದ ಕ್ರಮವೇ? ಈ ನಡುವೆ ಮತ್ತೊಂದು ಜರ್ನಲ್ ಏಳು ದಿನಗಳಲ್ಲಿ ಪ್ರಕಟಿಸಿಕೊಡುತ್ತೇವೆ ಎಂದು ತಾನಾಗಿಯೇ ಮೇಲ್ ಕಳುಹಿಸಿದೆ. ಸಹೋದ್ಯೋಗಿಯೊಬ್ಬರು ಅಲ್ಲಿಗೇ ಕೊಟ್ಟು ಮುಗಿಸಿಬಿಡಿ ಎನ್ನುತ್ತಿದ್ದಾರೆ. ಈ ದಾರಿಯಲ್ಲಿ ನಡೆದು ಬಂದವರು ತಿಳಿಸಿಕೊಟ್ಟರೆ ಉಪಕಾರವಾಗುತ್ತದೆ.

ಉತ್ತರ: ನಿವೃತ್ತ ಅಧ್ಯಾಪಕ, ಸಾಗರ

ಮೇಡಂ, ಏಳು ದಿನದವರ ವಿಚಾರವನ್ನು ಮೊದಲು ಮುಗಿಸಿಬಿಡೋಣ. ಪರಿಶೀಲಕರು ಒಂದು ಪ್ರಬಂಧವನ್ನು ಓದಿ, ಕೋಷ್ಟಕಗಳನ್ನು ತಾಳೆ ನೋಡಿ, ಅಭಿಪ್ರಾಯ ಬರೆಯುವುದಕ್ಕೆ ತಿಂಗಳುಗಳು ಬೇಕು. ಏಳು ದಿನಗಳಲ್ಲಿ ಆಗುವುದು ಹಣ ಪಾವತಿ ಮಾತ್ರ. ಅಲ್ಲಿ ಒಮ್ಮೆ ಅಚ್ಚಾದರೆ ಅದೇ ಪ್ರಬಂಧವನ್ನು ಬೇರೆಲ್ಲಿಯೂ ಕೊಡುವಂತಿಲ್ಲ. ನಿಮ್ಮ ಎರಡು ಬೇಸಿಗೆಯ ದತ್ತಾಂಶ ಅಲ್ಲಿಗೇ ಮುಗಿದಂತೆ. ಪಿಎಚ್.ಡಿ. ಪ್ರಬಂಧ ಸಲ್ಲಿಸುವ ಮೊದಲು ಜರ್ನಲ್‌ನಲ್ಲಿ ಲೇಖನ ಪ್ರಕಟವಾಗಿರಲೇಬೇಕೆಂಬ ಕಡ್ಡಾಯವನ್ನು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮಾವಳಿ ಕೈಬಿಟ್ಟಿದೆ. ನಿಮ್ಮ ವಿಶ್ವವಿದ್ಯಾಲಯ ತನ್ನದೇ ಷರತ್ತು ಇಟ್ಟುಕೊಂಡಿದೆಯೇ ಎಂಬುದನ್ನು ಮಾತ್ರ ವಿಚಾರಿಸಿ. ಒಪ್ಪಿತ ಜರ್ನಲ್‌ಗಳ ಯುಜಿಸಿ ಕೇರ್ ಪಟ್ಟಿಯನ್ನೂ 2025ರ ಫೆಬ್ರವರಿಯಲ್ಲಿ ನಿಲ್ಲಿಸಲಾಯಿತು. ಹಾಗಾಗಿ 'ಪಟ್ಟಿಯಲ್ಲಿದೆ' ಎಂಬ ಒಂದೇ ಮಾತಿನ ಮೇಲೆ ಜರ್ನಲ್ ಆರಿಸುವ ಕಾಲ ಹೋಯಿತು. ಅದರ ಸಂಪಾದಕ ಮಂಡಲಿಯಲ್ಲಿ ಯಾರಿದ್ದಾರೆ, ಅವರು ತಮ್ಮ ಸ್ವಂತ ಪ್ರಬಂಧಗಳನ್ನು ಎಲ್ಲಿ ಪ್ರಕಟಿಸುತ್ತಾರೆ, ಹಿಂದಿನ ಎರಡು ಸಂಚಿಕೆಗಳ ಬರಹ ಓದುವಂತಿದೆಯೇ ಎಂದು ನಾವೇ ಕುಳಿತು ನೋಡಬೇಕಾಗಿದೆ.

ಶುಲ್ಕದ ವಿಷಯದಲ್ಲಿ ನಮ್ಮ ಕಡೆ ಒಂದು ಗೊಂದಲವಿದೆ. ಅರ್ಥಶಾಸ್ತ್ರ ಮತ್ತು ಹಣಕಾಸಿನ ಒಳ್ಳೆಯ ಜರ್ನಲ್‌ಗಳಲ್ಲಿ ಹಲವು ಸಲ್ಲಿಕೆಯ ಸಮಯದಲ್ಲಿಯೇ ಶುಲ್ಕ ತೆಗೆದುಕೊಳ್ಳುತ್ತವೆ. ಪ್ರಬಂಧ ತಿರಸ್ಕೃತವಾದರೂ ಅದು ಸಾಮಾನ್ಯವಾಗಿ ಹಿಂದಿರುಗುವುದಿಲ್ಲ. ಮನಸ್ಸಿಗೆ ಬಂದಂತೆ ಎಲ್ಲರೂ ಎಲ್ಲವನ್ನೂ ಕಳುಹಿಸದಿರಲಿ ಎಂಬುದು ಅದರ ಒಂದು ಉದ್ದೇಶ. ಸ್ವೀಕಾರವಾದ ಮೇಲೆ ಕೇಳುವ ಪ್ರಕಟಣಾ ಶುಲ್ಕ ಬೇರೆ. ಪ್ರತಿಷ್ಠಿತ ಪ್ರಕಾಶಕರಲ್ಲಿಯೂ, ಓದುಗರೆಲ್ಲರಿಗೂ ಉಚಿತವಾಗಿ ಸಿಗಬೇಕೆಂದು ಲೇಖಕರು ಬಯಸಿದರೆ, ದೊಡ್ಡ ಮೊತ್ತ ಕಟ್ಟುವ ಆಯ್ಕೆ ಇರುತ್ತದೆ. ಅದನ್ನು ಬೇಡವೆಂದು ಬಿಟ್ಟರೆ ಚಂದಾದಾರರ ಸಂಚಿಕೆಯಲ್ಲಿ ಏನೂ ಕಟ್ಟದೆ ಪ್ರಕಟವಾಗುತ್ತದೆ. ಪರಿಶೀಲನೆಯೇ ಇಲ್ಲದೆ ಸ್ವೀಕಾರ ಪತ್ರದ ಜೊತೆಗೇ ಬ್ಯಾಂಕ್ ಖಾತೆಯ ವಿವರ ಬಂದರೆ ಅದು ಮೋಸ.

ಎಲ್ಲಿಗೆ ಕಳುಹಿಸಬೇಕು ಎಂಬುದಕ್ಕೆ ಬರುತ್ತೇನೆ. ಅಮೆರಿಕದ ರಿಯಲ್ ಎಸ್ಟೇಟ್ ಮತ್ತು ನಗರ ಅರ್ಥಶಾಸ್ತ್ರ ಸಂಘದ ಜರ್ನಲ್ 1973ರಲ್ಲಿ ಸಂಘದ ಹೆಸರಿನಲ್ಲಿಯೇ ಶುರುವಾಗಿ 1995ರಲ್ಲಿ 'ರಿಯಲ್ ಎಸ್ಟೇಟ್ ಎಕನಾಮಿಕ್ಸ್' ಎಂದಾಯಿತು. 1988ರಲ್ಲಿ ಆರಂಭವಾದ 'ಜರ್ನಲ್ ಆಫ್ ರಿಯಲ್ ಎಸ್ಟೇಟ್ ಫೈನಾನ್ಸ್ ಅಂಡ್ ಎಕನಾಮಿಕ್ಸ್' ಹಣಕಾಸಿನ ಕಡೆ ಹೆಚ್ಚು ವಾಲುತ್ತದೆ. 1991ರ 'ಜರ್ನಲ್ ಆಫ್ ಹೌಸಿಂಗ್ ಎಕನಾಮಿಕ್ಸ್' ವಸತಿಯ ಬಗ್ಗೆ, 1925ರಷ್ಟು ಹಳೆಯದಾದ 'ಲ್ಯಾಂಡ್ ಎಕನಾಮಿಕ್ಸ್' ಭೂಮಿ ಮತ್ತು ಪ್ರಕೃತಿ ಸಂಪನ್ಮೂಲಗಳ ಬಗ್ಗೆ. ಏಷ್ಯಾದ ಪೇಟೆಗಳ ಮೇಲಿನ ಬರಹವನ್ನು ಆಸಕ್ತಿಯಿಂದ ನೋಡುವ 'ಇಂಟರ್‌ನ್ಯಾಷನಲ್ ರಿಯಲ್ ಎಸ್ಟೇಟ್ ರಿವ್ಯೂ' ಇದೆ. ನೀತಿಯ ಚರ್ಚೆ ಮುಖ್ಯವೆನಿಸಿದರೆ ಮುಂಬೈನ 'ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ' ಇದ್ದೇ ಇದೆ. ಒಂದೇ ಪ್ರಬಂಧವನ್ನು ಏಕಕಾಲಕ್ಕೆ ಎರಡು ಕಡೆ ಕಳುಹಿಸಬೇಡಿ. ಪರಿಶೀಲಕರ ವಲಯ ಸಣ್ಣದು, ಎರಡೂ ಪ್ರತಿಗಳು ಒಬ್ಬರ ಕೈಗೇ ಹೋಗಿ ಸೇರಿದ ಪ್ರಸಂಗ ನನಗೆ ಗೊತ್ತು.

ನಿಮ್ಮ ಪ್ರಬಂಧದ ಒಳಗಿನ ವಿಷಯವನ್ನು ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿದ್ದಾರೆ. ಅವರು ಹೇಳಲಿ.

ಉತ್ತರ: ತೀರ್ಥಹಳ್ಳಿಯವರು, ಈಗ ಬೆಂಗಳೂರು

ನಾನು ಕೆಲವು ವರ್ಷಗಳಿಂದ ಇಂತಹ ಜರ್ನಲ್‌ಗಳಿಗೆ ಪರಿಶೀಲನೆ ಮಾಡುತ್ತಿದ್ದೇನೆ. ಸಂಪಾದಕರು ಬರೆದ ಎರಡು ವಾಕ್ಯಗಳಲ್ಲಿ ಮೊದಲನೆಯದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಎರಡನೆಯದರಲ್ಲಿಯೇ ನಿಮ್ಮ ಪ್ರಬಂಧದ ಸಮಸ್ಯೆಯೂ ಇದೆ, ಅದರ ಬೆಲೆಯೂ ಇದೆ.

ನೀವು 'ಬೆಲೆ' ಎಂದು ಕರೆದಿರುವುದು ಕ್ರಯಪತ್ರದಲ್ಲಿ ಬರೆದ ಮೊತ್ತವನ್ನು. ನಮ್ಮ ರಾಜ್ಯದಲ್ಲಿ ಆ ಮೊತ್ತ ಹೇಗೆ ಹುಟ್ಟುತ್ತದೆ ಎಂಬುದು ಶಿವಮೊಗ್ಗದ ಯಾವ ಮನೆಯ ಜಗಲಿಯಲ್ಲಿ ಕೇಳಿದರೂ ತಿಳಿಯುತ್ತದೆ. ಸರ್ಕಾರ ಪ್ರತಿಯೊಂದು ಊರಿಗೂ ಬಡಾವಣೆಗೂ ಮಾರ್ಗಸೂಚಿ ಬೆಲೆಯನ್ನು ನಿಗದಿ ಮಾಡುತ್ತದೆ. ಪತ್ರದ ಮೊತ್ತ ಅದಕ್ಕಿಂತ ಕಡಿಮೆಯಿದ್ದರೆ ಕರ್ನಾಟಕ ಮುದ್ರಾಂಕ ಕಾಯ್ದೆಯ 45ಎ ಕಲಮಿನಡಿ ಅದು ಮೌಲ್ಯ ನಿರ್ಣಯಕ್ಕೆ ಹೋಗಬಹುದು. ಮಾರಿದವರಿಗೆ, ನಿಮ್ಮ ಅಧ್ಯಯನದ ಅವಧಿಗೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯ್ದೆಯ 50ಸಿ ಕಲಮಿನಂತೆ, ವ್ಯತ್ಯಾಸವು ವಿನಾಯಿತಿಯ ಮಿತಿಯನ್ನು ಮೀರಿದರೆ ಮುದ್ರಾಂಕದ ಮೌಲ್ಯವನ್ನೇ ಮಾರಾಟದ ಮೊತ್ತವೆಂದು ಹಿಡಿದು ತೆರಿಗೆ ಲೆಕ್ಕ ಹಾಕಲಾಗುತ್ತದೆ. ಹೀಗಾಗಿ ಯಾರೂ ಮಾರ್ಗಸೂಚಿಗಿಂತ ಕೆಳಗೆ ಬರೆಸುವುದಿಲ್ಲ. ಮುದ್ರಾಂಕ ಶುಲ್ಕ ಹೆಚ್ಚುವುದರಿಂದ ಬಹಳ ಮೇಲೆ ಬರೆಸುವ ಉತ್ಸಾಹವೂ ಯಾರಿಗೂ ಇರುವುದಿಲ್ಲ. ಕೈಯಿಂದ ಕೈಗೆ ಹೋದ ಹಣ ಎಷ್ಟೇ ಇರಲಿ, ಕಾಗದದ ಮೇಲಿನ ಅಂಕಿ ಮಾರ್ಗಸೂಚಿ ಬೆಲೆಯ ನೆರಳಿನಲ್ಲಿಯೇ ನಡೆಯುತ್ತದೆ.

ಈಗ ದಿನಾಂಕಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಸೋಗಾನೆಯ ನಿಲ್ದಾಣ ಉದ್ಘಾಟನೆಯಾದದ್ದು 2023ರ ಫೆಬ್ರವರಿ 27ರಂದು. ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿದದ್ದು ಆಗಸ್ಟ್ 31ರಂದು. ರಾಜ್ಯದಲ್ಲಿ ಪರಿಷ್ಕೃತ ಮಾರ್ಗಸೂಚಿ ಬೆಲೆ ಜಾರಿಗೆ ಬಂದದ್ದು ಅಕ್ಟೋಬರ್ 1ರಂದು. ಮೊದಲ ವಿಮಾನಕ್ಕೂ ದರ ಪರಿಷ್ಕರಣೆಗೂ ನಡುವೆ ಇರುವುದು ಒಂದೇ ತಿಂಗಳು! ನಿಮ್ಮ ಕೋಷ್ಟಕದಲ್ಲಿ 2023ರ ನಂತರ ಕಾಣುವ ಏರಿಕೆ ಪೇಟೆಯ ಏರಿಕೆಯೋ ಸರ್ಕಾರದ ದರಪಟ್ಟಿಯ ಏರಿಕೆಯೋ ಎಂದು ನಾನು ಪರಿಶೀಲಕನಾಗಿದ್ದರೆ ಮೊದಲ ಪುಟದಲ್ಲಿಯೇ ಕೇಳುತ್ತಿದ್ದೆ, ಮತ್ತು ಅದಕ್ಕೆ ನಿಮ್ಮಲ್ಲಿ ಉತ್ತರವಿರುತ್ತಿರಲಿಲ್ಲ. ದರ ಪರಿಷ್ಕರಣೆಯಲ್ಲಿ ನಿಲ್ದಾಣದ ಸುತ್ತಲಿನ ಊರುಗಳಿಗೆ ಹೆಚ್ಚು ಏರಿಸಿದ್ದರೆ ನಿಮ್ಮ ಮಾದರಿ ಅಳೆದಿರುವುದು ಮೌಲ್ಯಮಾಪನ ಸಮಿತಿಯ ತೀರ್ಮಾನವನ್ನು. 2022ರ ಆರಂಭದಲ್ಲಿ ಸರ್ಕಾರ ಮಾರ್ಗಸೂಚಿ ಬೆಲೆಯ ಮೇಲೆ ಶೇ. 10ರ ತಾತ್ಕಾಲಿಕ ರಿಯಾಯಿತಿ ಕೊಟ್ಟಿತ್ತು ಎಂಬುದನ್ನೂ ಮರೆಯಬೇಡಿ. ಆ ತಿಂಗಳುಗಳ ಪತ್ರಗಳಲ್ಲಿ ಬೆಲೆ ಕುಸಿದಂತೆ ಕಂಡರೆ ಆಶ್ಚರ್ಯವಿಲ್ಲ.

ನೆಲದ ಬೆಲೆ ವಿಮಾನ ಇಳಿಯುವ ದಿನದವರೆಗೆ ಕಾಯುವುದೂ ಇಲ್ಲ. ನಿಂತುಹೋಗಿದ್ದ ಕಾಮಗಾರಿ 2020ರಲ್ಲಿ ಮತ್ತೆ ಶುರುವಾದಾಗಲೇ ಕೊಳ್ಳುವವರು ಬರತೊಡಗಿದರು. ಅದೇ ವರ್ಷ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿದ್ದರಿಂದ ಕೃಷಿಕರಲ್ಲದವರೂ ಕೃಷಿ ಜಮೀನನ್ನು ಕೊಳ್ಳಬಹುದಾಯಿತು. ಮರುವರ್ಷ, 2021ರಲ್ಲಿ, 'ರಾಶಿ' ಎಂಬ ಬಗೆಯ ಅಡಿಕೆಯ ಧಾರಣೆ ಕ್ವಿಂಟಲಿಗೆ 50,000 ರೂಪಾಯಿ ದಾಟಿತು. ಮಲೆನಾಡಿನಲ್ಲಿ ಅಡಿಕೆಗೆ ಬಂದ ಹಣ ಶಿವಮೊಗ್ಗದ ನಿವೇಶನಕ್ಕೆ ಹೋಗುವ ದಾರಿ ಹಳೆಯದು. ನಮ್ಮ ಮನೆಯಲ್ಲಿಯೂ ಹೋಗಿದೆ. ತುಮಕೂರು–ಶಿವಮೊಗ್ಗ ಹೆದ್ದಾರಿಯ ಚತುಷ್ಪಥ ಕಾಮಗಾರಿ ಬೇರೆ ನಡೆಯುತ್ತಿತ್ತು. 'ಮೊದಲು–ನಂತರ' ಎಂದು ಒಂದೇ ಗೆರೆ ಎಳೆದರೆ ಇವೆಲ್ಲವೂ ವಿಮಾನದ ಖಾತೆಗೆ ಜಮೆಯಾಗುತ್ತವೆ. ಸವಳಂಗ ರಸ್ತೆಯ ಕಡೆ, ನಗರದಿಂದ ಅಷ್ಟೇ ದೂರವಿರುವ ಊರುಗಳನ್ನು ಹೋಲಿಕೆಗೆ ತೆಗೆದುಕೊಂಡು, 2020ಕ್ಕೆ ಮೊದಲು ಎರಡೂ ಕಡೆಯ ಬೆಲೆ ಒಂದೇ ಗತಿಯಲ್ಲಿ ನಡೆದಿತ್ತೆಂದು ತೋರಿಸಬೇಕು.

ಇಷ್ಟು ಓದಿ ಕೆಲಸ ಕೆಟ್ಟಿತೆಂದುಕೊಳ್ಳಬೇಡಿ. ಹೆಡೋನಿಕ್ ವಿಧಾನಕ್ಕೆ 1974ರಲ್ಲಿ ಶರ್ವಿನ್ ರೋಸೆನ್ ತಳಹದಿ ಹಾಕಿದ ಮೇಲೆ ವಿಮಾನ ನಿಲ್ದಾಣ, ರೈಲು, ಉದ್ಯಾನ, ಶಾಲೆ ಎಂದು ಎಷ್ಟೋ ಪ್ರಬಂಧಗಳು ಬಂದಿವೆ; ಇನ್ನೊಂದು ನಿಲ್ದಾಣದ ಇನ್ನೊಂದು ಗುಣಾಂಕಕ್ಕೆ (ಒಂದು ಅಂಶದ ಪರಿಣಾಮ ಎಷ್ಟೆಂಬ ಅಂಕಿಗೆ) ಸಂಪಾದಕರು ತಲೆಯೆತ್ತುವುದಿಲ್ಲ. 'ಸ್ಥಳೀಯ ಆಸಕ್ತಿ' ಎಂದರೆ ಊರು ಚಿಕ್ಕದು ಎಂದಲ್ಲ, ಪ್ರಶ್ನೆ ಚಿಕ್ಕದು ಎಂದು. ನಿಮ್ಮಲ್ಲಿರುವುದು ಅಪರೂಪದ ವಸ್ತು. ಕೊಂಡವರ ಮನೆಗೆ ಹೋಗಿ ಪತ್ರ ನೋಡಿದವರು ಎಷ್ಟು ಜನರಿದ್ದಾರೆ? ರಿಸರ್ವ್ ಬ್ಯಾಂಕ್ ಪ್ರಕಟಿಸುವ ಮನೆ ಬೆಲೆ ಸೂಚ್ಯಂಕ ನೋಂದಣಿಯ ದತ್ತಾಂಶದ ಮೇಲೆಯೇ ನಿಂತಿದೆ. ಅದರಲ್ಲಿ ಬೆಂಗಳೂರಿದೆ, ಶಿವಮೊಗ್ಗವಿಲ್ಲ. ನೋಂದಣಿಯ ಮೊತ್ತ ಸರ್ಕಾರಿ ದರದ ಹಿಂದೆ ಹೋಗುತ್ತದೆಯೋ ಪೇಟೆಯ ಹಿಂದೆ ಹೋಗುತ್ತದೆಯೋ ಎಂಬ ಪ್ರಶ್ನೆ, ಮುದ್ರಾಂಕ ಶುಲ್ಕವಿರುವ ಎಲ್ಲ ದೇಶಗಳ ಪ್ರಶ್ನೆ. ಅದನ್ನೇ ಪ್ರಬಂಧದ ನಡುಮನೆಗೆ ತನ್ನಿ. ವಿಮಾನ ನಿಲ್ದಾಣ ಅದಕ್ಕೊಂದು ನಿದರ್ಶನವಾಗಿ ಪಡಸಾಲೆಯಲ್ಲಿರಲಿ.

ಮಾಡಬೇಕಾದದ್ದು ಕಷ್ಟದ್ದೇನಲ್ಲ. ಪ್ರತಿಯೊಂದು ಪತ್ರದ ಮೊತ್ತವನ್ನೂ ಆ ದಿನದ ಮಾರ್ಗಸೂಚಿ ಮೊತ್ತದಿಂದ ಭಾಗಿಸಿ, ಆ ಅನುಪಾತಗಳ ಹಂಚಿಕೆಯ ಚಿತ್ರ ಬರೆಯಿರಿ. ಒಂದು ಎಂಬ ಅಂಕಿಯ ಮೇಲೆ ಪತ್ರಗಳು ರಾಶಿ ಬಿದ್ದಿದ್ದರೆ ಅದೇ ನಿಮ್ಮ ಮೊದಲ ಚಿತ್ರ. 2023ರ ಅಕ್ಟೋಬರಿನ ನಂತರ ಆ ರಾಶಿ ಹೊಸ ದರಕ್ಕೆ ಹಾರಿತೇ ನೋಡಿ. ಋಣಭಾರ ಪ್ರಮಾಣಪತ್ರದಲ್ಲಿ ಕ್ರಯದ ನಮೂದಿನ ಬೆನ್ನಿಗೇ ಬ್ಯಾಂಕಿನ ಅಡಮಾನದ ನಮೂದಿರುವ ಪತ್ರಗಳನ್ನು ಬೇರೆ ಮಾಡಿ. ಸಾಲ ಬೇಕಾದವರಿಗೆ ಪತ್ರದ ಮೊತ್ತ ಹೆಚ್ಚಿರುವುದೇ ಅನುಕೂಲ, ಹಾಗಾಗಿ ಅವು ನಿಜಕ್ಕೆ ಹತ್ತಿರವಿರುತ್ತವೆ. ಆ ಗುಂಪಿನಲ್ಲಿಯೂ ನಿಲ್ದಾಣದ ಪ್ರಭಾವ ಕಂಡರೆ ನಿಮ್ಮ ಮಾತಿಗೆ ತೂಕ ಬರುತ್ತದೆ. ಊರುಗಳ ಸಂಖ್ಯೆ ಕೈಬೆರಳಿನಲ್ಲಿ ಎಣಿಸುವಷ್ಟಿದ್ದರೆ ಊರುವಾರು ಗುಂಪು ಮಾಡಿದ ಸಾಮಾನ್ಯ ಪ್ರಮಾಣ ದೋಷವನ್ನು (ಅಂದಾಜು ಎಷ್ಟು ಅನಿಶ್ಚಿತ ಎಂಬ ಅಳತೆಯನ್ನು) ನಂಬುವಂತಿಲ್ಲ. ಕ್ಯಾಮರಾನ್, ಗೆಲ್ಬಾಕ್, ಮಿಲ್ಲರ್ 2008ರಲ್ಲಿ ತೋರಿಸಿಕೊಟ್ಟ, ಗುಂಪುಗಳು ಕಡಿಮೆಯಿರುವಾಗ ಬಳಸುವ ವೈಲ್ಡ್ ಕ್ಲಸ್ಟರ್ ಬೂಟ್‌ಸ್ಟ್ರ್ಯಾಪ್ ಬಳಸಿ.

ಉತ್ತರ: ಪತ್ರ ಬರಹಗಾರ, ಶಿವಮೊಗ್ಗ

ನಾನು ಅರ್ಥಶಾಸ್ತ್ರ ಓದಿದವನಲ್ಲ. ಉಪ ನೋಂದಣಾಧಿಕಾರಿ ಕಚೇರಿಯ ಎದುರು ಕುಳಿತು ಪತ್ರ ಬರೆಯುವ ಕಸುಬಿನವನು. ಹಿಂದಿನವರು ಹೇಳಿದ್ದರಲ್ಲಿ ಒಂದು ತಿದ್ದುಪಡಿಯಿದೆ, ಅದನ್ನು ಹೇಳುವುದಕ್ಕಾಗಿ ಬರೆಯುತ್ತಿದ್ದೇನೆ.

ರಾಶಿ ಬೀಳುವುದು ಸರಿಯಾಗಿ ಒಂದರ ಮೇಲಲ್ಲ, ಒಂದಕ್ಕಿಂತ ತುಸು ಮೇಲೆ. ಮೂವತ್ತು–ನಲವತ್ತರ ನಿವೇಶನವೆಂದರೆ 1,200 ಚದರ ಅಡಿ. ಚದರ ಮೀಟರಿಗೆ ತಿರುಗಿಸಿದರೆ 111.48. ಮಾರ್ಗಸೂಚಿಯಲ್ಲಿ ಚದರ ಮೀಟರಿಗೆ 8,000 ರೂಪಾಯಿ ಇದೆಯೆಂದು ಇಟ್ಟುಕೊಳ್ಳಿ. 8,91,840 ಆಗುತ್ತದೆ. ಪತ್ರದಲ್ಲಿ ಯಾರೂ ಹಾಗೆ ಬರೆಸುವುದಿಲ್ಲ. 8,92,000 ಎಂದೋ, ದುಂಡಗಿರಲಿ ಎಂದು 9,00,000 ಎಂದೋ ಬರೆಸುತ್ತಾರೆ. ಒಂದಕ್ಕೆ ಸಮ ಬಂದವನ್ನು ಮಾತ್ರ ಎಣಿಸಿದರೆ ತಮಗೆ ಒಂದೂ ಸಿಗದೆ, ನಾವೆಲ್ಲ ಸತ್ಯಹರಿಶ್ಚಂದ್ರರೆಂದು ತೀರ್ಮಾನ ಬರೆಯಬೇಕಾದೀತು.

ಇನ್ನೊಂದು, ಮೂಲೆ ನಿವೇಶನದ ಮಾತು. ಮಾರ್ಗಸೂಚಿ ಪುಸ್ತಕದ ಹಿಂಭಾಗದಲ್ಲಿ ವಿಶೇಷ ಸೂಚನೆಗಳೆಂದು ಇರುತ್ತವೆ. ಮೂಲೆ ನಿವೇಶನಕ್ಕೆ ಇಷ್ಟು ಹೆಚ್ಚು, ಹೆದ್ದಾರಿಗೆ ತಾಗಿದ್ದಕ್ಕೆ ಇಷ್ಟು ಹೆಚ್ಚು ಎಂದು ಅದರಲ್ಲಿಯೇ ಹೇಳಿರುತ್ತಾರೆ. ಮೇಡಂ ಅವರ ಲೆಕ್ಕದಲ್ಲಿ ಮೂಲೆ ನಿವೇಶನಕ್ಕೆ ಬಂದ ಹೆಚ್ಚುವರಿ ಆ ಸೂಚನೆಯ ಶೇಕಡಾವಾರಿಗೆ ಹೊಂದುತ್ತದೆಯೇ ಎಂದು ಒಮ್ಮೆ ನೋಡಿಕೊಳ್ಳಲಿ.

ದಿನಾಂಕದ ವಿಷಯದಲ್ಲಿಯೂ ಎಚ್ಚರ ಬೇಕು. ವ್ಯಾಪಾರ ಕುದುರುವುದು ಒಂದು ದಿನ, ಮುಂಗಡ ಕೊಟ್ಟು ಕರಾರು ಪತ್ರ ಮಾಡಿಕೊಳ್ಳುವುದು ಒಂದು ದಿನ, ಕ್ರಯಪತ್ರ ನೋಂದಣಿಯಾಗುವುದು ಮತ್ತೊಂದು ದಿನ. ನಡುವೆ ಆರು ತಿಂಗಳು, ಹನ್ನೊಂದು ತಿಂಗಳು ಹೋಗುವುದು ಸಾಮಾನ್ಯ. 2023ರ ಸೆಪ್ಟೆಂಬರಿನಲ್ಲಿ, ದರ ಏರುವ ಮೊದಲು ಮುಗಿಸಿಕೊಳ್ಳೋಣವೆಂದು ಬಂದವರಿಗೆ ಕಚೇರಿಯ ಮೆಟ್ಟಿಲ ಮೇಲೂ ಜಾಗವಿರಲಿಲ್ಲ. ನೋಂದಣಿಯ ಕಾವೇರಿ-2 ತಂತ್ರಾಂಶ ಬಂದ ಹೊಸತು ಬೇರೆ. ಆ ತಿಂಗಳಿನ ಪತ್ರಗಳಲ್ಲಿ ಹಳೆಯ ವ್ಯಾಪಾರಗಳೇ ತುಂಬಿವೆ. ಕ್ರಯಪತ್ರದ ಒಳಗೆ ಹಿಂದಿನ ಕರಾರಿನ ದಿನಾಂಕವನ್ನು ಬರೆಯುವ ರೂಢಿ ಉಂಟು. ನಕಲು ನೋಡಿದ್ದರೆ ಅದನ್ನು ಹುಡುಕಿ ಗುರುತು ಹಾಕಿಕೊಳ್ಳಿ.

ನಿವೇಶನ ಬಿಟ್ಟು ಜಮೀನಿಗೆ ಕೈ ಹಾಕುವುದಾದರೆ ಪಹಣಿಯನ್ನು ಪೂರ್ತಿ ನಂಬಬೇಡಿ. ಪಹಣಿಯಲ್ಲಿ ತರಿ ಎಂದಿರುತ್ತದೆ, ಹೋಗಿ ನೋಡಿದರೆ ಗದ್ದೆಯಲ್ಲಿ ಏಳು ವರ್ಷದ ಅಡಿಕೆ ಸಸಿ ನಿಂತಿರುತ್ತದೆ. ಪತ್ರದಲ್ಲಿ ತರಿಯ ದರ, ಕೈಗೆ ಕೊಡುವುದು ತೋಟದ ದರ. ಚಕ್ಕುಬಂದಿಯಿಂದ ನಕ್ಷೆಯಲ್ಲಿ ಜಾಗ ಗುರುತಿಸುತ್ತೇನೆ ಎಂದರೂ ಆಗದು. 'ಪೂರ್ವಕ್ಕೆ ಕಾನು, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಇದೇ ಸರ್ವೆ ನಂಬರಿನ ಉಳಿಕೆ ಜಮೀನು, ದಕ್ಷಿಣಕ್ಕೆ ಗಾಡಿ ದಾರಿ' ಎಂದು ನಾನೇ ಎಷ್ಟೋ ಬರೆದಿದ್ದೇನೆ. ಅಂತಹ ಜಾಗ ಹೊಸನಗರ ತಾಲ್ಲೂಕು ಒಂದರಲ್ಲಿಯೇ ಸಾವಿರ ಸಿಕ್ಕಾವು. ಸರ್ವೆ ನಂಬರು ಹಾಕಿ, ಜಮೀನಿನ ನಕ್ಷೆ ತೋರಿಸುವ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ನೋಡುವುದು ಮೇಲು.

ಮರುಪ್ರಶ್ನೆ: ಉಪನ್ಯಾಸಕಿ, ಶಿವಮೊಗ್ಗ

ಮೂವರಿಗೂ ಕೃತಜ್ಞತೆಗಳು. ಭಾನುವಾರ ಪೂರ್ತಿ ಹಳೆಯ ಮಾರ್ಗಸೂಚಿ ದರಪಟ್ಟಿಗಳನ್ನು ಮುಂದಿಟ್ಟುಕೊಂಡು ಒಂದು ಊರಿನ ಪತ್ರಗಳನ್ನು ಕೈಯಲ್ಲಿಯೇ ಲೆಕ್ಕ ಹಾಕಿದೆ. ಬರಹಗಾರರು ಹೇಳಿದಂತೆಯೇ ಹೆಚ್ಚಿನವು ಒಂದಕ್ಕಿಂತ ಕೂದಲೆಳೆಯಷ್ಟು ಮೇಲಿವೆ. ಮೂಲೆ ನಿವೇಶನದ ಗುಣಾಂಕ ವಿಶೇಷ ಸೂಚನೆಯ ದರಕ್ಕೆ ಎಷ್ಟು ಹತ್ತಿರವಿದೆಯೆಂದರೆ, ಇದನ್ನು ನಾನು ಕಾಲೇಜಿನ ವಿಚಾರ ಸಂಕಿರಣದಲ್ಲಿ 'ಗ್ರಾಹಕರ ಆದ್ಯತೆ' ಎಂದು ವಿವರಿಸಿದ್ದು ನೆನಪಾಗಿ ಸಂಕೋಚವಾಯಿತು. ಅಡಮಾನದ ನಮೂದಿರುವ ಪತ್ರಗಳು ಕಡಿಮೆ ಇವೆ, ಆದರೆ ಅವುಗಳ ಅನುಪಾತ ಬೇರೆಯಾಗಿಯೇ ಇದೆ.

ಪ್ರಬಂಧದ ಮೊದಲ ವಾಕ್ಯವನ್ನು ಹೀಗೆ ಬದಲಿಸಿದ್ದೇನೆ: 'ನೋಂದಾಯಿತ ಬೆಲೆಯನ್ನು ಆಧರಿಸಿದ ಅಧ್ಯಯನವು, ಸರ್ಕಾರ ತನ್ನ ಕನಿಷ್ಠ ಮೌಲ್ಯವನ್ನು ಬದಲಿಸಿದ ದಿನ ಏನನ್ನು ಅಳೆಯುತ್ತದೆ?' ಸೋಗಾನೆಯ ಹೆಸರು ಈಗ ಮೂರನೆಯ ಪುಟದಲ್ಲಿ ಬರುತ್ತದೆ.

ಉಳಿದಿರುವುದು ಸಲ್ಲಿಕೆಯ ಕ್ರಮದ ಎರಡು ಸಂದೇಹಗಳು. ಲೇಖಕರ ಗುರುತು ಇರಬಾರದು ಎಂದರೆ ಎಷ್ಟರ ಮಟ್ಟಿಗೆ? ಹಾಗೂ ಮಾರ್ಗದರ್ಶಕರ ಜೊತೆಗೆ, ಪ್ರಬಂಧವನ್ನು ಓದಿಯೂ ಇರದ ಮತ್ತೊಬ್ಬ ಹಿರಿಯರ ಹೆಸರನ್ನು ಸಹಲೇಖಕರಾಗಿ ಸೇರಿಸಬೇಕೆಂಬ ಸೂಚನೆ ಬಂದಿದೆ. ಇದನ್ನು ಹೇಗೆ ನಿಭಾಯಿಸುವುದು?

ಉತ್ತರ: ತೀರ್ಥಹಳ್ಳಿಯವರು, ಈಗ ಬೆಂಗಳೂರು

ವಾಕ್ಯ ಚೆನ್ನಾಗಿದೆ. ಅದಕ್ಕೆ ಉತ್ತರವೂ ಸಾರಾಂಶದಲ್ಲಿಯೇ ಇರಲಿ. ಸಂಪಾದಕರು ಸಾರಾಂಶವನ್ನೂ ಪೀಠಿಕೆಯನ್ನೂ ಓದಿಯೇ ಪರಿಶೀಲಕರಿಗೆ ಕಳುಹಿಸುವುದೋ ಬೇಡವೋ ಎಂದು ತೀರ್ಮಾನಿಸುತ್ತಾರೆ. ಈ ರೂಪದಲ್ಲಿ ಮೊದಲು 'ಜರ್ನಲ್ ಆಫ್ ಹೌಸಿಂಗ್ ಎಕನಾಮಿಕ್ಸ್' ಅಥವಾ 'ಲ್ಯಾಂಡ್ ಎಕನಾಮಿಕ್ಸ್'ಗೆ ಪ್ರಯತ್ನಿಸಬಹುದು ಎಂಬುದು ನನ್ನ ಅನಿಸಿಕೆ. ವಿಷಯ ವರ್ಗೀಕರಣದ ಜೆ.ಇ.ಎಲ್. ಸಂಕೇತಗಳಲ್ಲಿ ವಸತಿ ಪೇಟೆಯ ಆರ್31 ಜೊತೆಗೆ ರಾಜ್ಯ ಮತ್ತು ಸ್ಥಳೀಯ ತೆರಿಗೆಯ ಎಚ್71 ಅನ್ನೂ ಕೊಡಿ. ಆಗ ಮುದ್ರಾಂಕ ಶುಲ್ಕ ಬಲ್ಲ ಪರಿಶೀಲಕರು ಸಿಗುವ ಸಾಧ್ಯತೆ ಹೆಚ್ಚು.

ಗುರುತಿನ ವಿಷಯ: ಹೆಸರು, ಕಾಲೇಜು, ಕೃತಜ್ಞತೆ, ಇವು ಪ್ರತ್ಯೇಕ ಶೀರ್ಷಿಕೆ ಪುಟಕ್ಕೆ ಹೋಗಬೇಕು. 'ನನ್ನ ಹಿಂದಿನ ಲೇಖನದಲ್ಲಿ' ಎಂಬಂತಹ ಮಾತುಗಳನ್ನು ತೆಗೆಯಿರಿ. ಫೈಲಿನ ಗುಣವಿವರದಲ್ಲಿ ಕಂಪ್ಯೂಟರಿನ ಮಾಲೀಕರ ಹೆಸರು ಉಳಿದಿರುತ್ತದೆ. ಬಹಳ ಜನ ಸಿಕ್ಕಿಬೀಳುವುದು ಅಲ್ಲಿ. ಎಸ್‌ಎಸ್‌ಆರ್‌ಎನ್‌ನಲ್ಲಿ (ಪ್ರಕಟಣೆಗೆ ಮುಂಚಿನ ಪ್ರಬಂಧಗಳ ಜಾಲತಾಣ) ಕರಡನ್ನು ಹಾಕುವುದನ್ನು ಅರ್ಥಶಾಸ್ತ್ರದ ಜರ್ನಲ್‌ಗಳು ಸಾಮಾನ್ಯವಾಗಿ ಆಕ್ಷೇಪಿಸುವುದಿಲ್ಲ, ಆದರೆ ಅಲ್ಲಿ ಹಾಕಿದರೆ ಹುಡುಕಿದವರಿಗೆ ಹೆಸರು ಸಿಗುತ್ತದೆ ಎಂಬುದು ತಿಳಿದಿರಲಿ.

ಓದದ ಹಿರಿಯರ ಹೆಸರನ್ನು ಕೃತಜ್ಞತೆಯ ಸಾಲಿನಲ್ಲಿ ಗೌರವದಿಂದ ಸೇರಿಸಿ. ಸಹಲೇಖಕರಾದವರು ಪ್ರಬಂಧದ ಪ್ರತಿಯೊಂದು ಅಂಕಿಗೂ ಜವಾಬ್ದಾರರು. ಹಲವು ಜರ್ನಲ್‌ಗಳು ಯಾರು ಯಾವ ಕೆಲಸ ಮಾಡಿದರೆಂದು ಲಿಖಿತವಾಗಿ ಕೇಳುತ್ತವೆ. ಆ ನಮೂನೆಯನ್ನೇ ಅವರ ಮುಂದಿಟ್ಟು, ಸರ್, ಇಲ್ಲಿ ತಮ್ಮ ಪಾಲಿನ ಕೆಲಸವನ್ನು ತಾವೇ ಬರೆದುಕೊಡಿ ಎಂದು ಕೇಳಿ. ನನ್ನ ಅನುಭವದಲ್ಲಿ ಮಾತು ಅಲ್ಲಿಗೆ ನಿಲ್ಲುತ್ತದೆ.

ಕಳುಹಿಸುವ ಮೊದಲು ಚಿಲ್ಲರೆ ಕೆಲಸಗಳಿವೆ. ದತ್ತಾಂಶದ ಕಡತದಿಂದ ಸರ್ವೆ ನಂಬರುಗಳನ್ನೂ ಕೊಂಡವರ, ಮಾರಿದವರ ಹೆಸರುಗಳನ್ನೂ ಅಳಿಸಿ. ನಿಮ್ಮನ್ನು ನಂಬಿ ಪತ್ರ ತೋರಿಸಿದವರು ಅವರು. ಗುಂಟೆ, ಎಕರೆಗಳನ್ನು ಚದರ ಮೀಟರಿಗೆ ತಿರುಗಿಸಿ. ಊರಿನ ಆಂಗ್ಲ ಕಾಗುಣಿತ ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು. ಹಳೆಯ ಆಕರಗಳಲ್ಲಿ 'ಶಿಮೊಗ' ಎಂದೇ ಇರುವುದರಿಂದ ಎರಡೂ ಒಂದೇ ಊರೆಂದು ಅಡಿಟಿಪ್ಪಣಿಯಲ್ಲಿ ತಿಳಿಸಿ. ಲಕ್ಷದ ಲೆಕ್ಕದಲ್ಲಿ ಅಲ್ಪವಿರಾಮ ಹಾಕಿದ 8,91,840ನ್ನು ಹೊರದೇಶದ ಪರಿಶೀಲಕರೊಬ್ಬರು ಮುದ್ರಣ ದೋಷವೆಂದು ಗುರುತು ಹಾಕಿ ನನಗೇ ಹಿಂದಿರುಗಿಸಿದ್ದುಂಟು. ಕೋಷ್ಟಕಗಳಲ್ಲೆಲ್ಲ ಅದನ್ನು 891,840 ಎಂದು ಮಾಡಿಕೊಳ್ಳಿ.